14 ನಿಯಮ ಜಾಸ್ತಿ ಆಯ್ತು, ಮೇಡಂ

ಐದನೇ ತರಗತಿಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಮಕ್ಕಳಿಗೆ ಟ್ಯಾಬ್ ಬಂದು ಎರಡು ತಿಂಗಳಾಯಿತು. 14 ನಿಯಮ ಬರೆದು ಗೋಡೆಗೆ ಅಂಟಿಸಿದ್ದೇನೆ. ಆದರೂ 40 ನಿಮಿಷದ ಪೀರಿಯಡ್‌ನಲ್ಲಿ 15 ನಿಮಿಷ ಹಂಚೋದು, ಪಾಸ್‌ವರ್ಡ್ ಹುಡುಕೋದು, 'ಕೆಳಗಿಡಿ' ಅಂತ ಕೂಗೋದರಲ್ಲೇ ಹೋಗುತ್ತದೆ. ಸಾಕಾಗಿದೆ, ಏನು ಮಾಡಲಿ?"

ಮೇಡಂ, ಮೊದಲು ಆ ಹಾಳೆ ಇಳಿಸಿ. ಅದನ್ನು ಓದುತ್ತಿರುವುದು ನೀವೊಬ್ಬರೇ. ಹೇಳಿದಾಗ ಕೆಳಗಿಡಬೇಕು ಅನ್ನೋದು ಎಲ್ಲ ಮಕ್ಕಳಿಗೂ ಗೊತ್ತು. ಕೈಗೆ ರೂಢಿಯಾಗಿಲ್ಲ, ಅಷ್ಟೆ.

ನೀವೇ ಬರೆದ ಹಾಗೆ, ಹೊತ್ತು ಹೋಗುತ್ತಿರುವುದು ಟ್ಯಾಬ್ ಕೈಗೆ ಬರುವಾಗ ಮತ್ತು ಕೈಬಿಡುವಾಗ. ಹಾಗಾಗಿ ಆ ಎರಡನ್ನೇ ಕಲಿಸಿ. ಒಂದು ಪೀರಿಯಡ್ ಪೂರ್ತಿ ಪಾಠ ಬಿಟ್ಟು, ತರುವುದು, ತೆರೆಯುವುದು, ಮುಚ್ಚುವುದು, ವಾಪಸ್ ಇಡುವುದು ಇಷ್ಟನ್ನೇ ನಾಲ್ಕೈದು ಸಲ ಮಾಡಿಸಿ. ಟ್ಯಾಬ್‌ಗೊಂದು ನಂಬರ್ ಇರಲಿ, ಚಾರ್ಜಿಂಗ್ ಜಾಗಕ್ಕೂ ಅದೇ ನಂಬರ್, ವರ್ಷವಿಡೀ ಅದು ಅದೇ ಮಗುವಿಗೆ. ಗೀರು ಬಿದ್ದರೆ ಯಾರನ್ನು ಕೇಳಬೇಕು ಅಂತ ಯೋಚಿಸುವ ಕೆಲಸವೂ ತಪ್ಪುತ್ತದೆ. ಸಾಲಿಗೊಬ್ಬರು ತಂದು ಕೊಡಲಿ, ಎಲ್ಲರೂ ಎದ್ದರೆ ಜಾತ್ರೆಯೇ. ಪಾಸ್‌ವರ್ಡ್ ಚೀಟಿಗಳು ನಂಬರ್ ಪ್ರಕಾರ ನಿಮ್ಮ ಡಬ್ಬಿಯಲ್ಲಿರಲಿ. ಟ್ಯಾಬ್ ಹಿಂದೆ ಮಾತ್ರ ಅಂಟಿಸಬೇಡಿ.

'ಕೆಳಗಿಡಿ' ಅನ್ನೋದಕ್ಕೆ ದಿನಾ ಒಂದೇ ಮಾತು ಬಳಸಿ. ಸ್ಕ್ರೀನ್ ಮುಚ್ಚಬೇಕು, ಕೈ ಮಡಿಲಲ್ಲಿರಬೇಕು. ಆಮೇಲೆ ಕೊನೆಯ ಮಗು ಮುಚ್ಚುವ ತನಕ ನೀವು ಬಾಯಿ ತೆರೆಯಬೇಡಿ. ಇದು ಕಷ್ಟ, ಗೊತ್ತು. ಆದರೆ ಇಬ್ಬರು ಇನ್ನೂ ಒತ್ತುತ್ತಿರುವಾಗಲೇ ನೀವು ಪಾಠ ಶುರು ಮಾಡಿದಿರೋ, ಮುಚ್ಚದಿದ್ದರೂ ನಡೆಯುತ್ತದೆ ಅಂತ ಮೂವತ್ತು ಮಕ್ಕಳೂ ಕಲಿತುಬಿಡುತ್ತಾರೆ.

ಕದ್ದು ಆಟ ಆಡುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ (ಹಳೆಯವುಗಳಲ್ಲಿ ಸ್ಕ್ರೀನ್ ಪಿನ್ನಿಂಗ್) ಅನ್ನೋ ಸೆಟ್ಟಿಂಗ್ ಇದೆ, ಟ್ಯಾಬನ್ನು ಒಂದೇ ಆ್ಯಪ್‌ನಲ್ಲಿ ಕಟ್ಟಿಹಾಕಬಹುದು. ಅದನ್ನು ಒಂದೊಂದೇ ಟ್ಯಾಬ್‌ಗೆ ಹಾಕುತ್ತಾ ಕೂತರೆ ಇನ್ನೊಂದು 15 ನಿಮಿಷ ಹೋಯ್ತು, ಟೆಸ್ಟ್ ದಿನಕ್ಕೆ ಮಾತ್ರ ಇಟ್ಟುಕೊಳ್ಳಿ. ಉಳಿದ ದಿನ ಸುಮ್ನೆ ತರಗತಿಯ ಹಿಂದೆ ಹೋಗಿ ನಿಲ್ಲಿ. ಮುಂದಿನಿಂದ ಕಾಣುವುದು ಟ್ಯಾಬ್‌ನ ಬೆನ್ನು, ಹಿಂದಿನಿಂದ ಎಲ್ಲರ ಸ್ಕ್ರೀನೂ ಕಾಣುತ್ತದೆ. ಇನ್ನೊಂದು ವಿಷಯ ಏನಂದ್ರೆ, ಹೀಗೆ ಆಡುವವರಲ್ಲಿ ಬೇಗ ಕೆಲಸ ಮುಗಿಸಿ ಖಾಲಿ ಕೂತವರೇ ಜಾಸ್ತಿ. ಮುಗಿಸಿದ ಮೇಲೆ ಏನು ಮಾಡಬೇಕು ಅಂತ ಟ್ಯಾಬ್ ಹಂಚುವ ಮೊದಲೇ ಬೋರ್ಡ್ ಮೇಲೆ ಬರೆದುಬಿಡಿ. ಅಷ್ಟಾದ ಮೇಲೂ ಸಿಕ್ಕಿಬಿದ್ದರೆ ಆ ದಿನದ ಕೆಲಸ ಕಾಗದದಲ್ಲಿ, ನಾಳೆ ಮತ್ತೆ ಟ್ಯಾಬ್. ವಾರಗಟ್ಟಲೆ ಕಿತ್ತುಕೊಂಡರೆ ಪಾಠ ತಪ್ಪಿ, ಅದನ್ನು ಮತ್ತೆ ಕಲಿಸಬೇಕಾದವರು ನೀವೇ ಅಲ್ವಾ? ಆ ಕಾಗದದ ಹಾಳೆ ನೆಟ್ ಹೋದ ದಿನಕ್ಕೂ ಆಗುತ್ತದೆ.

ಹಾಂ, ವಾಪಸ್ ಇಡುವ ಕೆಲಸ ಬೆಲ್‌ಗೆ 5 ನಿಮಿಷ ಮೊದಲೇ ಶುರುವಾಗಲಿ. ಬೆಲ್ ಹೊಡೆದ ಮೇಲೂ ನಿಂತು ಚಾರ್ಜರ್ ಸಿಕ್ಕಿಸುವ ಮಗು ಇನ್ನೂ ಹುಟ್ಟಿಲ್ಲ.

— ಸಂ.