ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ ವರ್ಷವಿಡೀ ಏನೇನು ನಡೆಯುತ್ತದೆ?

ಮಗಳನ್ನು ಮುಂದಿನ ವರ್ಷ ಮನೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿಸುವ ಯೋಚನೆಯಲ್ಲಿದ್ದೀರಿ. ಆದರೆ ಅಲ್ಲಿ ಪಾಠ ಮತ್ತು ಬಿಸಿಯೂಟ ಬಿಟ್ಟರೆ ಬೇರೇನೂ ಇರುವುದಿಲ್ಲ, ಚಟುವಟಿಕೆ, ಕಾರ್ಯಕ್ರಮಗಳೆಲ್ಲ ಖಾಸಗಿ ಶಾಲೆಯ ಮಕ್ಕಳಿಗೆ ಮಾತ್ರ ಎಂದು ಮನೆಯವರು ಹೇಳುತ್ತಿದ್ದಾರೆ, ಇದು ನಿಜವೇ ಎಂದು ಕೇಳಿದ್ದೀರಿ. ನಾನು ದಕ್ಷಿಣ ಬೆಂಗಳೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ನಲಿಕಲಿ ತರಗತಿ ನೋಡಿಕೊಳ್ಳುತ್ತಿದ್ದೇನೆ. ಎಲ್ಲ ಶಾಲೆಗಳ ಪರವಾಗಿ ಮಾತನಾಡಲಾರೆ. ನನ್ನ ಕೊಠಡಿಯಲ್ಲಿ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಮೊದಲು ಆ ಕೊಠಡಿ ಹೇಗಿರುತ್ತದೆ ಎಂದು ತಿಳಿದುಕೊಳ್ಳಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ಪದ್ಧತಿ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೆಂಚು, ಸಾಲು ಇಲ್ಲ. ಮಕ್ಕಳು ಗುಂಪುಗಳಲ್ಲಿ ಸುತ್ತ ಕೂರುತ್ತಾರೆ. ಆ ಗುಂಪುಗಳನ್ನು ತಟ್ಟೆ ಎನ್ನುತ್ತೇವೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ, ಇರುತ್ತದೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆ ಎಂದು ನೋಡಿ ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ, ಪ್ರತಿ ಮಗುವಿಗೂ ಅದರಲ್ಲಿ ಒಂದಿಷ್ಟು ಜಾಗ. ತಲೆಯ ಮೇಲೆ ದಾರಗಳ ಚಪ್ಪರ. ಮಕ್ಕಳು ಬರೆದ ಚಿತ್ರ, ಮಡಚಿದ ಕಾಗದ, ಕತ್ತರಿಸಿದ ಎಲೆ ಅಲ್ಲಿ ತೂಗುತ್ತಿರುತ್ತವೆ. ಅಂದರೆ ಚಟುವಟಿಕೆ ಎಂಬುದು ಪಾಠ ಮುಗಿದ ಮೇಲಿನ ಮಾತಲ್ಲ, ಬೆಳಿಗ್ಗೆ ಹಾಲು ಕುಡಿದು ಒಳಗೆ ಬಂದ ಕ್ಷಣದಿಂದಲೇ ಅದು ಶುರು.

ಆ ಕ್ಷಣದ ಮೊದಲ ಕೆಲಸ ಹವಾಮಾನ ನಕ್ಷೆ ತುಂಬುವುದು. ದಿನಕ್ಕೊಂದು ಮಗು ಹೊರಗೆ ಹೋಗಿ ಆಕಾಶ ನೋಡಿ ಬಂದು ಸೂರ್ಯ, ಮೋಡ, ಕೊಡೆ ಇವುಗಳಲ್ಲಿ ಒಂದನ್ನು ಆ ದಿನದ ಚೌಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಎಣಿಕೆ. ಮಳೆ ಎಂದರೆ ಜೂನ್, ಜುಲೈ ಎಂದು ನಾವೆಲ್ಲ ನಂಬಿರುತ್ತೇವೆ. ನನ್ನ ಮಕ್ಕಳ ನಕ್ಷೆಯಲ್ಲಿ ಜುಲೈ ಪೂರ್ತಿ ಬರೀ ಮೋಡ, ಕೊಡೆಗಳು ಸಾಲುಗಟ್ಟುವುದು ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು ಎಂದು ಏಳು ವರ್ಷದ ಮಗು ತನ್ನ ಎಣಿಕೆಯಿಂದಲೇ ಹೇಳಿದಾಗ ನನಗೆ ಆಗುವ ಸಂತೋಷ ಯಾವ ವಾರ್ಷಿಕೋತ್ಸವದಲ್ಲೂ ಆಗಿಲ್ಲ.

ಇನ್ನು ವರ್ಷದ ಕಾರ್ಯಕ್ರಮಗಳು. ಮೇ ಕೊನೆಯಲ್ಲಿ ಶಾಲೆ ತೆರೆದಾಗ ಪ್ರಾರಂಭೋತ್ಸವ. ಬಾಗಿಲಿಗೆ ಮಾವಿನ ತೋರಣ, ಹೊಸ ಮಕ್ಕಳಿಗೆ ಹೂವು, ಊಟಕ್ಕೆ ಸಿಹಿ. ಆಮೇಲೆ ಕೆಲವು ವಾರ ಸೇತುಬಂಧ, ಅಂದರೆ ರಜೆಯಲ್ಲಿ ಮರೆತದ್ದನ್ನು ಮತ್ತೆ ಹಿಡಿದುಕೊಳ್ಳುವ ಕಾಲ. ಜೂನ್ 5ಕ್ಕೆ ಪರಿಸರ ದಿನ, ಗಿಡ ನೆಡುತ್ತೇವೆ. ಆಗಸ್ಟ್ 15, ಸೆಪ್ಟೆಂಬರ್ 5, ಗಾಂಧಿ ಜಯಂತಿ, ನವೆಂಬರ್ 1ರ ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನ, ಜನವರಿ 26 ಎಲ್ಲ ಶಾಲೆಗಳಲ್ಲೂ ಇರುವಂಥವು, ನಮ್ಮಲ್ಲೂ ಇವೆ. ತಿಂಗಳಿಗೊಮ್ಮೆ ಸಂಭ್ರಮ ಶನಿವಾರ, ಅಂದು ಪುಸ್ತಕದ ಚೀಲ ತರುವಂತಿಲ್ಲ.

ಪ್ರತಿಭಾ ಕಾರಂಜಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಛದ್ಮವೇಷ, ಚಿತ್ರಕಲೆ ಹೀಗೆ ಹಲವು ಸ್ಪರ್ಧೆಗಳು. ಕ್ಲಸ್ಟರ್, ಅಂದರೆ ಹತ್ತಿರದ ಕೆಲವು ಶಾಲೆಗಳ ಗುಂಪಿನ ಮಟ್ಟದಲ್ಲಿ ಗೆದ್ದ ಮಗು ಮೇಲಿನ ಹಂತಕ್ಕೆ ಹೋಗಬಹುದು. ಒಳ್ಳೆಯ ವೇದಿಕೆ, ಅನುಮಾನವಿಲ್ಲ. ಆದರೆ ನಾನು ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದೆ. ಚೆನ್ನಾಗಿ ಮಾತನಾಡುವ ಇಬ್ಬರು ಮಕ್ಕಳಿದ್ದರು. ಕಾರಂಜಿಗೂ ಅವರೇ, ಆಗಸ್ಟ್ 15ರ ಭಾಷಣಕ್ಕೂ ಅವರೇ, ಅತಿಥಿಗಳಿಗೆ ಹೂಗುಚ್ಛ ಕೊಡಲಿಕ್ಕೂ ಅವರೇ. ಮನೆಗೆಲಸಕ್ಕೆ ಹೋಗುವ ತಾಯಿಯೊಬ್ಬರು ರಾಜ್ಯೋತ್ಸವದ ದಿನ ಒಂದು ಗಂಟೆ ರಜೆ ಕೇಳಿಕೊಂಡು ಬಂದು ಗೇಟಿನ ಹತ್ತಿರ ಕೊನೆಯವರೆಗೂ ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು, "ನನ್ನ ಮಗಳು ಯಾವಾಗ ಮೇಲೆ ಹತ್ತುವುದು ಮಿಸ್?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವಂತೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ, ಈ ವರ್ಷ ಇದು ಎಲ್ಲರೆದುರು ಏನು ಮಾಡಿತು ಎಂದು ಬರೆದಿಡುತ್ತೇನೆ. ಡಿಸೆಂಬರ್ ಹೊತ್ತಿಗೆ ಯಾವ ಹೆಸರಿನ ಮುಂದೆಯೂ ಖಾಲಿ ಇರಬಾರದು. ಛದ್ಮವೇಷಕ್ಕೆ ಬಾಡಿಗೆಯ ಉಡುಪು ತರಬೇಡಿ ಎಂದು ಪೋಷಕರ ಸಭೆಯಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಪಂಚೆ, ಟವಲು, ಸೀರೆ ಸಾಕು.

ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು 2024-25ರ ಒಂದು ಸಂಗತಿ. ಆ ವರ್ಷ ಆಗಸ್ಟ್‌ನಲ್ಲಿ ಯಾದಗಿರಿ ಕಡೆಯಿಂದ ಒಬ್ಬ ಹುಡುಗ ಬಂದ. ನಮ್ಮ ಸುತ್ತಮುತ್ತ ಹಳೆಯ ಮನೆಗಳನ್ನು ಒಡೆದು ನಾಲ್ಕು ಅಂತಸ್ತು ಕಟ್ಟುತ್ತಿದ್ದಾರೆ. ಅಂಥ ಕಟ್ಟಡವೊಂದರ ಕಾವಲಿಗೆ ಅವನ ತಂದೆ ತಾಯಿ ಬಂದಿದ್ದರು, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಮೂರನೇ ತರಗತಿಗೆ ಸೇರಿದ. ಮೊದಲ ವಾರ ಅವನು ಬಾಯಿ ಬಿಟ್ಟಾಗ ಅವನ ಕನ್ನಡ ಕೇಳಿ ನಾಲ್ಕೈದು ಮಕ್ಕಳು ನಕ್ಕರು. ಅಷ್ಟೇ, ಅವನು ಮಾತು ನಿಲ್ಲಿಸಿದ. ಕಾರ್ಡು ತೆಗೆದುಕೊಳ್ಳುತ್ತಿದ್ದ, ಬರೆಯುತ್ತಿದ್ದ, ತಲೆಯಾಡಿಸುತ್ತಿದ್ದ. ದಸರಾ ರಜೆ ಕಳೆದು ಬಂದರೂ ಹಾಗೆಯೇ. ಹವಾಮಾನ ನಕ್ಷೆಗೆ ಅವನ ಸರದಿ ಬಂದ ದಿನವೂ ಕೊಡೆ ಬರೆದು ಸುಮ್ಮನೆ ಕುಳಿತ.

ಬಸವನಗುಡಿಯ ಕಡಲೆಕಾಯಿ ಪರಿಷೆ ನಿಮಗೆ ಗೊತ್ತಿರುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಆ ಜಾತ್ರೆ ಆ ವರ್ಷ ನವೆಂಬರ್ 25ಕ್ಕೆ ಬಿದ್ದಿತ್ತು. ಸೋಮವಾರ ಕಾಲಿಡಲೂ ಜಾಗವಿರುವುದಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆಯೇ ಮಕ್ಕಳನ್ನು ಎರಡು ಸಾಲು ಮಾಡಿ, ಮುಂದೆ ನಾನು, ಹಿಂದೆ ಇಬ್ಬರು ತಾಯಂದಿರು, ನಡೆಸಿಕೊಂಡು ಹೋದೆವು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಬಸವ ಬಂದು ಮೇಯುತ್ತಿದ್ದ ಕಥೆಯನ್ನು ದಾರಿಯಲ್ಲೇ ಹೇಳಿದೆ. ಬುಲ್ ಟೆಂಪಲ್ ರಸ್ತೆಯ ಬದಿಯಲ್ಲಿ ರಾಶಿ ಹಾಕಿಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ಸೇರಿನಲ್ಲಿ ಅಳೆದು ಕೊಡುವುದನ್ನು ಮಕ್ಕಳೆಲ್ಲ ಬಗ್ಗಿ ನೋಡಿದರು. ಹಸಿ ಒಂದು ಸೇರು, ಹುರಿದದ್ದು ಒಂದು ಸೇರು ಕೊಂಡೆವು.

ಶಾಲೆಗೆ ಬಂದು ಕಡಲೆಕಾಯಿ ಎಲ್ಲಿ ಬಿಡುತ್ತದೆ ಎಂದು ಕೇಳಿದೆ. ಮರದಲ್ಲಿ ಎಂದರು ಬಹಳ ಮಂದಿ. ಬಳ್ಳಿಯಲ್ಲಿ ಎಂದರು ಕೆಲವರು. ಆಗ ಆ ಹುಡುಗ ಎದ್ದು ನಿಂತ. ಅದು ಕಡಲೆಕಾಯಿಯಲ್ಲ ಮಿಸ್, ಶೇಂಗಾ ಎಂದ. ಮರದಲ್ಲಿ ಬಿಡುವುದಿಲ್ಲ, ಹೂವು ಮೇಲೆ ಬಿಡುತ್ತದೆ, ಅದರಿಂದ ಸೂಜಿಯಂಥದ್ದು ಇಳಿದು ಮಣ್ಣಿನೊಳಗೆ ಹೋಗುತ್ತದೆ, ಕಾಯಿ ಮಣ್ಣಿನಲ್ಲಿ ಕಟ್ಟುತ್ತದೆ, ಗಿಡ ಹಿಡಿದು ಕಿತ್ತರೆ ಎಲ್ಲ ಒಟ್ಟಿಗೆ ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ. ಕೀಳುವುದು ಹೇಗೆಂದು ಬಗ್ಗಿ, ಎರಡೂ ಕೈ ನೆಲಕ್ಕೆ ತಂದು, ಹಿಂದಕ್ಕೆ ಎಳೆದು ತೋರಿಸಿದ. ಯಾರೂ ನಗಲಿಲ್ಲ. ಮೂರು ತಿಂಗಳಲ್ಲಿ ಅವನ ಮೊದಲ ಮಾತು ಅದು.

ಅಲ್ಲಿಂದ ತರಗತಿ ಅವನ ಹಿಂದೆ ಹೋಯಿತು. ಅವನ ತಂದೆ ಕಟ್ಟಡದಿಂದ ಬಣ್ಣದ ಖಾಲಿ ಬಕೆಟ್ ಮೂರು ತಂದುಕೊಟ್ಟರು, ತಳಕ್ಕೆ ತೂತು ಮಾಡಿಯೇ ತಂದಿದ್ದರು. ಎರಡು ಬಕೆಟ್‌ಗೆ ಹಸಿ ಬೀಜ, ಒಂದಕ್ಕೆ ಹುರಿದ ಬೀಜ. ಹುರಿದದ್ದು ಹುಟ್ಟುವುದಿಲ್ಲ ಎಂದು ಅವನು ಹೇಳಿದ. ಹುಟ್ಟುತ್ತದೆ ಎಂದು ಒಂದನೇ ತರಗತಿಯವರು ಹಟ ಹಿಡಿದರು, ಹಾಗಾಗಿ ಎರಡನ್ನೂ ಹಾಕಿಯೇ ನೋಡಿದೆವು. ಹತ್ತು ದಿನದೊಳಗೆ ಉತ್ತರ ಸಿಕ್ಕಿತು. ಮೂರನೇ ಬಕೆಟ್‌ಗೂ ಆಮೇಲೆ ಹಸಿ ಬೀಜವನ್ನೇ ಹಾಕಿದೆವು. ದಿನವೂ ಹವಾಮಾನ ನಕ್ಷೆಯ ಪಕ್ಕದಲ್ಲಿ ಗಿಡದ ಎತ್ತರ ಬರೆಯುವ ಇನ್ನೊಂದು ಹಾಳೆ ಸೇರಿತು. ಹಳದಿ ಹೂವು ಬಿಟ್ಟ ದಿನ ಮೂರೂ ತರಗತಿ ಬಕೆಟ್ ಸುತ್ತ ಕೂತಿತ್ತು. ಕೆಲವು ದಿನ ಕಳೆದ ಮೇಲೆ ಹೂವಿದ್ದ ಜಾಗದಿಂದ ಆ ಸೂಜಿ ಇಳಿಯುವುದನ್ನು ಕಂಡು, ಅವನು ಹೇಳಿದ್ದು ನಿಜ ಎಂದು ಒಬ್ಬಳು ಓಡಿಬಂದು ನನಗೆ ಹೇಳಿದಳು. ನಾನು ಮಂಡ್ಯದ ರೈತನ ಮೊಮ್ಮಗಳು, ಆದರೂ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಈ ನಡುವೆ ಜನವರಿಯಲ್ಲಿ ಮೆಟ್ರಿಕ್ ಮೇಳ ಬಂತು. ಮಕ್ಕಳ ಸಂತೆ ಎಂದೂ ಕರೆಯುತ್ತಾರೆ. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ನಿಂಬೆಹಣ್ಣು, ಆ ಕಾಲಕ್ಕೆ ಅವರೆಕಾಯಿ ತಂದು ಅಂಗಳದಲ್ಲಿ ಗೋಣಿಚೀಲ ಹಾಸಿ ಮಾರುತ್ತಾರೆ, ಕೊಳ್ಳುವವರು ಪೋಷಕರು ಮತ್ತು ಅಕ್ಕಪಕ್ಕದ ಮನೆಯವರು. ತಕ್ಕಡಿ, ತೂಕದ ಬಟ್ಟು, ಚಿಲ್ಲರೆ ಎಲ್ಲವೂ ನಿಜವಾದವು. ಕಾಲು ಕೆ.ಜಿ. ಎಂದರೆ 250 ಗ್ರಾಂ ಎಂದು ಹಲಗೆಯ ಮೇಲೆ ಹತ್ತು ಸಲ ಬರೆಸಿದರೂ ಕೂರದ್ದು, ಕಾಲು ಕೆ.ಜಿ. ಅವರೆಕಾಯಿಗೆ ತಕ್ಕಡಿಯ ತಟ್ಟೆ ಸಮ ಬರುವವರೆಗೆ ಒಂದೊಂದೇ ಕಾಯಿ ಹಾಕಿದ ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಪ್ರವಾಸಕ್ಕೆ ಲಾಲ್‌ಬಾಗ್‌ಗೆ ಹೋದೆವು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದರ ಮೇಲೆ ಕೂತು ಚಿತ್ರಾನ್ನ ತಿಂದೆವು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಬಕೆಟ್‌ಗಳೇ ಪ್ರದರ್ಶನಕ್ಕೆ ನಿಂತವು, ಬಂದವರಿಗೆ ವಿವರಿಸಿದವನು ಅವನೇ. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಅವನ ಹೆಸರಿನ ಮುಂದೆ ಅಂದು ಎರಡು ಸಾಲು ಬರೆದೆ.

ಯುಗಾದಿ ಮಾರ್ಚ್ 30ಕ್ಕಿತ್ತು. ಹಬ್ಬಕ್ಕೆ ಅವರ ಕುಟುಂಬ ಊರಿಗೆ ಹೋಯಿತು, ಹಿಂದಿರುಗಲಿಲ್ಲ. ಏಪ್ರಿಲ್ ಮೊದಲ ವಾರ ಎಲೆ ಹಳದಿಯಾದಾಗ, ಅವನು ತೋರಿಸಿದ್ದ ರೀತಿಯಲ್ಲೇ ಬಗ್ಗಿ, ಎರಡೂ ಕೈಯಿಂದ ಮಕ್ಕಳು ಗಿಡ ಕಿತ್ತರು. ಮಣ್ಣು ಕೊಡವಿ ಎಣಿಸಿದರೆ 87 ಕಾಯಿ. ತರಗತಿಯಲ್ಲಿ 29 ಮಕ್ಕಳು. ಅವನನ್ನು ಬಿಟ್ಟು ಹಂಚಿದರೆ ತಲೆಗೆ ಮೂರು ಕೊಟ್ಟು ಮೂರು ಉಳಿಯುತ್ತದೆ, ಆ ಮೂರು ಅವನದೇ ಎಂದು ಮೂರನೇ ತರಗತಿಯವರು ಲೆಕ್ಕ ಮಾಡಿ ಹೇಳಿದರು. ಕಾಗದದಲ್ಲಿ ಪೊಟ್ಟಣ ಕಟ್ಟಿ, ಹೆಸರು ಬರೆದು, ಚಪ್ಪರದಲ್ಲಿ ಅವನ ದಾರಕ್ಕೆ ಸಿಕ್ಕಿಸಿದರು. ಏಪ್ರಿಲ್ 10ರಂದು ಫಲಿತಾಂಶ ಕೊಟ್ಟು ಶಾಲೆ ಮುಚ್ಚುವಾಗ ನಾನು ಅದನ್ನು ಬೀರುವಿನಲ್ಲಿಟ್ಟೆ. ಜೂನ್ ಎರಡನೇ ವಾರ ಅವನು ತಂದೆಯ ಜೊತೆ ಬಂದ, ನಾಲ್ಕನೇ ತರಗತಿಗೆ. ಪೊಟ್ಟಣ ಕೊಟ್ಟೆ. ಒಂದು ಕಾಯಿಗೆ ಹುಳು ಹಿಡಿದಿತ್ತು. ಉಳಿದೆರಡನ್ನು ಸುಲಿದು, ಒಂದು ಬೀಜವನ್ನೂ ಬಾಯಿಗೆ ಹಾಕಿಕೊಳ್ಳದೆ ಬಕೆಟ್‌ನಲ್ಲಿ ಊರಿದ.

ಕೊರತೆಗಳನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಅಂಗಳ ಚಿಕ್ಕದು, ಓಟದ ಸ್ಪರ್ಧೆಗೆ ಪಕ್ಕದ ಉದ್ಯಾನಕ್ಕೆ ಹೋಗಬೇಕು. ಸಂಗೀತಕ್ಕೆ, ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲ. ಚುನಾವಣೆ, ಸಮೀಕ್ಷೆ ಬಂದರೆ ನಮ್ಮನ್ನು ಆ ಕೆಲಸಕ್ಕೆ ಹಾಕುತ್ತಾರೆ, ಆ ದಿನಗಳಲ್ಲಿ ತರಗತಿ ಸೊರಗುತ್ತದೆ. ಇದು ನನಗೆ ಬಹಳ ನೋವಿನ ವಿಷಯ. ವಾರ್ಷಿಕೋತ್ಸವ ನಡೆಯುವುದು ಎಸ್‌ಡಿಎಂಸಿಯವರು (ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ದಾನಿಗಳು ಕೈಜೋಡಿಸಿದ ವರ್ಷ ಮಾತ್ರ. ಇನ್ನೊಂದು ಮಾತು, ಎಲ್ಲ ಕೊಠಡಿಗಳೂ ಒಂದೇ ರೀತಿ ಇರುವುದಿಲ್ಲ. ಕಾರ್ಡುಗಳು ಕಟ್ಟಿಟ್ಟಲ್ಲೇ ಧೂಳು ತಿನ್ನುವ ತರಗತಿಗಳನ್ನೂ ನಾನು ಕಂಡಿದ್ದೇನೆ.

ಆದ್ದರಿಂದ ನೀವು ಸೇರಿಸಬೇಕೆಂದಿರುವ ಶಾಲೆಗೆ ಏಪ್ರಿಲ್‌ಗೆ ಮುಂಚೆ, ಶಾಲೆ ನಡೆಯುತ್ತಿರುವಾಗಲೇ ಒಂದು ದಿನ ಹೋಗಿ ಬನ್ನಿ. ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ನಲಿಕಲಿ ಕೊಠಡಿಯೊಳಗೆ ಹತ್ತು ನಿಮಿಷ ಕುಳಿತುಕೊಳ್ಳಿ. ಹವಾಮಾನ ನಕ್ಷೆಯಲ್ಲಿ ನಿನ್ನೆಯ ಚೌಕ ತುಂಬಿದೆಯೇ ನೋಡಿ. ತಲೆಯೆತ್ತಿ ಚಪ್ಪರದಲ್ಲಿ ತೂಗುವ ಹಾಳೆಗಳ ಮೇಲಿನ ಹೆಸರುಗಳನ್ನು ಓದಿ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟೂ ಹೆಸರು ಅಲ್ಲಿ ಕಂಡರೆ ಮಗಳನ್ನು ಧೈರ್ಯವಾಗಿ ಸೇರಿಸಿ. ಅವೇ ಮೂರು ನಾಲ್ಕು ಹೆಸರು ಮತ್ತೆ ಮತ್ತೆ ಕಂಡರೆ ಶಿಕ್ಷಕಿಯನ್ನು ಪಕ್ಕಕ್ಕೆ ಕರೆದು, ಆ ತಾಯಿ ನನ್ನನ್ನು ಕೇಳಿದ ಹಾಗೆಯೇ ಕೇಳಿ.