ಓದುಗರ ಪ್ರಶ್ನೆ: ಲಿಂಬ್ ಮತ್ತು ರೈಸರ್ ಒಂದೇ ಸಾಲಿಗೆ ಬರಲು ಜಿಗ್ ಹೇಗಿರಬೇಕು?

ಪ್ರಶ್ನೆ: ನಡುವಿನ ಹಿಡಿ (ರೈಸರ್) ಮತ್ತು ಎರಡು ಬಾಗುವ ತೋಳುಗಳನ್ನು (ಲಿಂಬ್) ಬಿಚ್ಚಿ ಜೋಡಿಸುವ ಟೇಕ್‌ಡೌನ್ ಬಿಲ್ಲು ಮಾಡಿದ್ದೇನೆ. ಪೆನ್ಸಿಲ್ ಗುರುತು ಹಾಕಿ, ಪಿಲ್ಲರ್ ಡ್ರಿಲ್‌ನಲ್ಲಿ ನಿಧಾನವಾಗಿಯೇ ತೂತು ಕೊರೆದೆ. ಆದರೂ ಹೆದೆ ಏರಿಸಿದರೆ ಅದು ರೈಸರ್‌ನ ನಡುವೆ ನಿಲ್ಲುವುದಿಲ್ಲ. ಬಿಟ್‌ಗೆ ದಾರಿ ತೋರುವ ಅಚ್ಚು, ಅಂದರೆ ಜಿಗ್, ಬೇಕೇ ಬೇಕೆ?

ಉತ್ತರ: ಬೇಕು. ಲೆಕ್ಕ ನೋಡಿ. ಬೋಲ್ಟ್‌ಗೂ ಪಿನ್‌ಗೂ ನಡುವೆ 40 ಮಿ.ಮೀ., ಬೋಲ್ಟ್‌ನಿಂದ ಲಿಂಬ್ ತುದಿಗೆ 480 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಪಿನ್ ತೂತು ಕಾಲು ಮಿ.ಮೀ. ಪಕ್ಕಕ್ಕೆ ಸರಿದರೆ ಲಿಂಬ್ ತುದಿ ಅದರ 12 ಪಟ್ಟು, ಅಂದರೆ 3 ಮಿ.ಮೀ. ಸರಿಯುತ್ತದೆ. ಮೊಂಡಾದ ಪೆನ್ಸಿಲ್ಲಿನ ಗೆರೆಯೇ ಕಾಲು ಮಿ.ಮೀ.ಗಿಂತ ದಪ್ಪ. ತೂತುಗಳ ಅಂತರವನ್ನು 60 ಮಿ.ಮೀ.ಗೆ ಹೆಚ್ಚಿಸಿದರೆ ಅದೇ ತಪ್ಪು ತುದಿಯಲ್ಲಿ 2 ಮಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ಪ್ಯಾಡ್‌ನಲ್ಲಿ (ರೈಸರ್ ಮೇಲೆ ಲಿಂಬ್ ಕೂರುವ ಚಪ್ಪಟೆ ಮುಖ) ಜಾಗವಿರುವಷ್ಟು ದೂರ ದೂರ ಎರಡು ಪಿನ್ ಇಟ್ಟು, ಬೋಲ್ಟನ್ನು ಅವೆರಡರ ನಡುವೆ ಹಾಕುವುದು ನಮ್ಮ ಸಲಹೆ. ಲಿಂಬನ್ನು ಸಾಲಿಗೆ ತರುವುದು ಪಿನ್ನಿನ ಕೆಲಸ, ಒತ್ತಿ ಹಿಡಿಯುವುದು ಬೋಲ್ಟಿನ ಕೆಲಸ. 8 ಮಿ.ಮೀ. ಬೋಲ್ಟ್‌ಗೆ ಲಿಂಬ್‌ನಲ್ಲಿ 9 ಮಿ.ಮೀ. ತೂತಿರಲಿ. ಬಿಗಿಯಾಗಿದ್ದರೆ ಬೋಲ್ಟ್ ಪಿನ್ನಿನ ಜೊತೆ ಜಗ್ಗಾಡುತ್ತದೆ.

ಜಿಗ್‌ಗೆ 10 ಅಥವಾ 12 ಮಿ.ಮೀ. ದಪ್ಪದ ಉಕ್ಕು ಇಲ್ಲವೇ ಅಲ್ಯೂಮಿನಿಯಂ ಪಟ್ಟಿ ಸಾಕು. ನಡುಗೆರೆಯನ್ನು ಸ್ಕ್ರೈಬರ್‌ನಿಂದ ಗೀರಿ, ಅದರ ಮೇಲೆ ಮೂರು ತೂತು ಕೊರೆದು, ಒಳವ್ಯಾಸ 6 ಮಿ.ಮೀ. ಇರುವ ಹದಗೊಳಿಸಿದ ಉಕ್ಕಿನ ಡ್ರಿಲ್ ಬುಷ್‌ಗಳನ್ನು (ಬಿಟ್ ಹಾಯುವ ಕೊಳವೆ) ಬಿಗಿಯಾಗಿ ಕೂರಿಸಿ. ಬರೀ ಅಲ್ಯೂಮಿನಿಯಂ ತೂತಿನಲ್ಲೇ ಕೊರೆಯುತ್ತಾ ಹೋದರೆ ಕೆಲವೇ ಬಿಲ್ಲುಗಳಲ್ಲಿ ಅದು ಅಗಲವಾಗುತ್ತದೆ. ಮೂರೂ ಬುಷ್ ಒಂದೇ ಅಳತೆಯವಾದರೆ ಒಂದೇ ಬಿಟ್‌ನಲ್ಲಿ ಕೆಲಸ ಮುಗಿಯುತ್ತದೆ. ಜಿಗ್ ತೆಗೆದ ಮೇಲೆ ನಡುವಿನದನ್ನು ಬೋಲ್ಟ್ ಅಳತೆಗೆ ದೊಡ್ಡದು ಮಾಡಿ. ಪಿನ್ನಿಗೆ 6 ಮಿ.ಮೀ. ಉಕ್ಕಿನ ಡೋವೆಲ್ ಬಳಸಿ. ರೈಸರ್‌ನಲ್ಲಿ 20 ಮಿ.ಮೀ. ಆಳಕ್ಕೆ ಎಪಾಕ್ಸಿ ಹಾಕಿ ಕೂರಿಸಿ, ಹೊರಗೆ 6ರಿಂದ 8 ಮಿ.ಮೀ. ಉಳಿಯಲಿ. ಲಿಂಬ್ ಕಡೆಯ ತೂತನ್ನು 6.1ರ ರೀಮರ್‌ನಿಂದ ಬಿಡಿಸಿದರೆ ಕೈಯಿಂದಲೇ ಜಾರಿ ಕೂರುತ್ತದೆ, ಅಲುಗಾಡುವುದಿಲ್ಲ.

ಕೊರೆಯುವಾಗ ಮೊದಲ ತೂತು ಮುಗಿದ ಕೂಡಲೇ ಜಿಗ್ ಮೂಲಕ ಅದರೊಳಗೆ 6 ಮಿ.ಮೀ. ಪಿನ್ ಇಳಿಸಿ, ನಡುಗೆರೆ ಇನ್ನೊಮ್ಮೆ ನೋಡಿ, ಆಮೇಲೆ ಎರಡನೆಯದಕ್ಕೆ ಹೋಗಿ. ಕ್ಲ್ಯಾಂಪ್ ಒಂದನ್ನೇ ನಂಬಬೇಡಿ, ಡ್ರಿಲ್‌ನ ಅದುರಿಗೆ ಅದು ಸರಿಯುತ್ತದೆ. ರೈಸರ್‌ನ ಪ್ಯಾಡ್ ಓರೆಯಾಗಿರುವುದರಿಂದ ಅದೇ ಕೋನದ ಮರದ ಬೆಣೆ ಮಾಡಿ, ಪ್ಯಾಡ್ ಡ್ರಿಲ್ ಮೇಜಿಗೆ ಸಮಾಂತರವಾಗಿ ಬರುವಂತೆ ರೈಸರನ್ನು ಕೂರಿಸಿ. ತೂತು ಪ್ಯಾಡಿಗೆ ನೇರ ಲಂಬವಾಗಿರಬೇಕು, ರೈಸರ್‌ನ ಉದ್ದಕ್ಕಲ್ಲ.

ಪ್ರಶ್ನೆ: ಜಿಗ್ ಬಳಸಿಯೇ ಕೊರೆದೆ. ಈಗ ಬೆನ್ನಿನ ಕಡೆಯಿಂದ (ಗುರಿಯತ್ತ ಇರುವ ಮುಖ) ನೋಡಿದರೆ ಮೇಲಿನ ಲಿಂಬ್ ಬಲಕ್ಕೆ, ಕೆಳಗಿನದು ಅಷ್ಟೇ ಅಳತೆಗೆ ಎಡಕ್ಕೆ ವಾಲಿದೆ. ಹೆದೆ ಹಿಡಿಯ ಮೇಲೆ ಓರೆಯಾಗಿ ಹಾಯುತ್ತದೆ.

ಉತ್ತರ: ಎರಡೂ ಒಂದೇ ಅಳತೆ, ದಿಕ್ಕು ಮಾತ್ರ ಎದುರುಬದುರು ಎಂದರೆ ಜಿಗ್ ಮಗುಚಿದೆ ಎಂದೇ ಅರ್ಥ. ಲಿಂಬ್‌ನ ಹೊಟ್ಟೆ (ಬಿಲ್ಲುಗಾರನತ್ತ ಇರುವ ಮುಖ) ರೈಸರ್‌ನ ಪ್ಯಾಡ್ ಮೇಲೆ ಕೂರುತ್ತದಲ್ಲ, ಆ ಕೂರುವ ಮುಖದಿಂದಲೇ ಕೊರೆಯೋಣ ಎಂದು ಹಲವರು ಜಿಗ್ಗನ್ನು ಹೊಟ್ಟೆಗೆ ಒತ್ತುತ್ತಾರೆ. ಪ್ಯಾಡ್ ಮೇಲಿಟ್ಟಾಗ ನಮ್ಮತ್ತ ಇದ್ದ ಜಿಗ್‌ನ ಮುಖ, ಲಿಂಬ್ ಜೋಡಿಸಿದಾಗ ರೈಸರ್ ಕಡೆಗೆ ತಿರುಗಿರುತ್ತದೆ. ತೆಳು ಕಾಗದದಲ್ಲಿ ಬರೆದ ಅಕ್ಷರವನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದ ಹಾಗೆ, ಎಡವಿದ್ದದ್ದು ಬಲವಾಗುತ್ತದೆ. ಜಿಗ್‌ನಲ್ಲಿರುವ ಸಣ್ಣ ತಪ್ಪು ಹೀಗೆ ಎರಡು ಪಟ್ಟಾಗುತ್ತದೆ.

ಲಿಂಬ್‌ನ ಬೆನ್ನಿನ ಕಡೆಯಿಂದ ಕೊರೆಯಿರಿ. ಜಿಗ್ ಮೇಲೆ ತುದಿಯ ಕಡೆಗೆ ಒಂದು ಬಾಣದ ಗುರುತು, ಒಂದು ಮುಖಕ್ಕೆ ‘ಮೇಲೆ’ ಎಂಬ ಅಕ್ಷರ ಕೆತ್ತಿಬಿಡಿ. ರೈಸರ್‌ನ ಎರಡು ಪ್ಯಾಡ್, ಎರಡು ಲಿಂಬ್, ನಾಲ್ಕರ ಮೇಲೂ ಜಿಗ್ ಅದೇ ಮುಖ ಮೇಲಾಗಿ, ಬಾಣ ತುದಿಯತ್ತ ಇರಲಿ. ಆಗ ಜಿಗ್‌ನ ತಪ್ಪು ಲಿಂಬ್‌ಗೂ ಪ್ಯಾಡಿಗೂ ಒಂದೇ ದಿಕ್ಕಿನಲ್ಲಿ ಬಿದ್ದು, ಜೋಡಿಸಿದಾಗ ಒಂದಕ್ಕೊಂದು ವಜಾ ಆಗುತ್ತದೆ. ಜಿಗ್ ಕರಾರುವಾಕ್ಕಾಗಿ ಇರುವುದಕ್ಕಿಂತ ಇದು ಮುಖ್ಯ.

ಒಂದು ತೊಡಕಿದೆ. ಲಿಂಬ್‌ನ ಬುಡದೊಳಗೇ ಬೆಣೆ ಸೇರಿರುವುದರಿಂದ ಅದರ ಬೆನ್ನು ಹೊಟ್ಟೆಗೆ ಸಮಾಂತರವಾಗಿರುವುದಿಲ್ಲ. ಜಿಗ್ಗನ್ನು ನೇರವಾಗಿ ಬೆನ್ನಿಗೆ ಒತ್ತಿದರೆ ತೂತು ಓರೆಯಾಗುತ್ತದೆ. ಕೆಳಗೊಂದು ತಟ್ಟೆ, ಮೇಲೆ ಬುಷ್ ಪಟ್ಟಿ, ನಡುವೆ ಸಮ ಎತ್ತರದ ಕಂಬಿಗಳಿರುವ ಚೌಕಟ್ಟು ಮಾಡಿ, ಹೊಟ್ಟೆ ಕೆಳಗಿನ ತಟ್ಟೆಗೆ ಪೂರ್ತಿ ತಾಗುವಂತೆ ಲಿಂಬ್ ತೂರಿಸಿ. ಬುಷ್‌ಗೂ ಲಿಂಬ್‌ಗೂ ನಡುವೆ 3ರಿಂದ 6 ಮಿ.ಮೀ. ಸಂದಿಯಿದ್ದರೆ ಪುಡಿ ಹೊರಬೀಳುತ್ತದೆ. ಪಕ್ಕದ ಅಂಚನ್ನು ಆಧಾರವಾಗಿ ಹಿಡಿಯಬೇಡಿ, ಅಗಲ ಅರ್ಧ ಮಿ.ಮೀ. ವ್ಯತ್ಯಾಸವಾದರೂ ನಡುಗೆರೆ ಕಾಲು ಮಿ.ಮೀ. ತಪ್ಪುತ್ತದೆ.

ಪ್ರಶ್ನೆ: ಬಿಟ್ ಹೊರಬರುವ ಕಡೆ ಫೈಬರ್ ಗ್ಲಾಸ್ ಚಕ್ಕೆ ಏಳುತ್ತದೆ.

ಉತ್ತರ: ಕೆಳಗೆ ಹಳೆಯ ತೂತಿಲ್ಲದ ಗಟ್ಟಿ ಮರದ ತುಂಡು ಒತ್ತಿ ಹಿಡಿದಿರಬೇಕು. ಪ್ರತಿ ಲಿಂಬ್‌ಗೂ ಹೊಸ ಜಾಗ. ಗ್ಲಾಸ್ ಸಾಮಾನ್ಯ ಬಿಟ್‌ನ ಅಂಚನ್ನು ಬೇಗ ತಿಂದುಹಾಕುತ್ತದೆ, ಕಾರ್ಬೈಡ್ ಬಿಟ್ ಬಾಳುತ್ತದೆ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಮಾಸ್ಕ್ ಇಲ್ಲದೆ ಕೊರೆಯಲೇಬೇಡಿ.

ಪ್ರಶ್ನೆ: ತೂತು ತಪ್ಪಿದ ಲಿಂಬನ್ನು ಉಳಿಸಿಕೊಳ್ಳಬಹುದೆ?

ಉತ್ತರ: ತುದಿ 2-3 ಮಿ.ಮೀ. ಸರಿದಿದ್ದರೆ ಉಳಿಸಬಹುದು. ಲಿಂಬ್‌ನ ಪಿನ್ ತೂತುಗಳನ್ನು 9 ಮಿ.ಮೀ.ಗೆ ದೊಡ್ಡದು ಮಾಡಿ. ಒಳವ್ಯಾಸ 6.1, ಹೊರವ್ಯಾಸ 8 ಮಿ.ಮೀ. ಇರುವ ಹಿತ್ತಾಳೆ ಬುಷ್‌ಗಳನ್ನು ಮೇಣ ಹಚ್ಚಿದ ಪಿನ್ನುಗಳ ಮೇಲೆ ತೊಡಿಸಿ. ಪ್ಯಾಡಿಗೂ ಮೇಣ ಹಚ್ಚಿ, ಬುಷ್ ಸುತ್ತ ಎಪಾಕ್ಸಿ ತುಂಬಿ, ಲಿಂಬ್ ಕೂರಿಸಿ, ಬೋಲ್ಟನ್ನು ಅರೆಬಿಗಿ ಮಾಡಿ. ಕೊಪ್ಪಿನಿಂದ (ತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚು) ಕೊಪ್ಪಿಗೆ ತೆಳು ದಾರ ಕಟ್ಟಿ, ಅದು ರೈಸರ್‌ನ ನಡುಗೆರೆಯ ಮೇಲೆ ಬರುವ ತನಕ ಲಿಂಬ್ ತಿರುಗಿಸಿ, ಆಮೇಲೆ ಬಿಗಿಮಾಡಿ. ಎಪಾಕ್ಸಿ ಪೂರ್ತಿ ಗಟ್ಟಿಯಾಗುವವರೆಗೆ ಹೆದೆ ಏರಿಸಬೇಡಿ. ತೂತಿನ ಅಂಚಿನಿಂದ ಗ್ಲಾಸ್ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಲಿಂಬ್ ಬಳಸುವಂತಿಲ್ಲ.

ಮುಂದಿನ ಸಲ ಲಿಂಬ್‌ನ ಪಕ್ಕಗಳನ್ನು ಅಂತಿಮ ಆಕಾರಕ್ಕೆ ಕತ್ತರಿಸುವ ಮೊದಲೇ, ಅಗಲ ಇನ್ನೂ ಪೂರ್ತಿಯಿರುವಾಗ ತೂತು ಕೊರೆಯಿರಿ. ಜೋಡಿಸಿ ದಾರ ಕಟ್ಟಿ, ದಾರ ತೋರಿಸಿದ ಸಾಲಿನಲ್ಲೇ ತುದಿಯ ನಡುಗೆರೆ ಎಳೆದು ಕೊಪ್ಪು ಕೆತ್ತಿ.