ಮನೆ ಕಟ್ಟುವ ಕೆಲಸದ ವೇಳಾಪಟ್ಟಿಗೆ ಗ್ಯಾಂಟ್ ಚಾರ್ಟ್ ಸಾಕೇ?

ಎರಡಂತಸ್ತಿನ ಮನೆ ಕಟ್ಟಿಸಲು ಹೊರಟಿರುವ ತಾವು, ವೇಳಾಪಟ್ಟಿಗೆ ಎಕ್ಸೆಲ್‌ನಲ್ಲಿ ಮಾಡಿಕೊಂಡ ಗ್ಯಾಂಟ್ ಚಾರ್ಟ್ ಸಾಕೇ, ಪ್ರಿಮಾವೆರಾದಂತಹ ತಂತ್ರಾಂಶ ಬೇಕೇ ಎಂದು ಕೇಳಿದ್ದೀರಿ. ಕಟ್ಟಡ ಕಾಮಗಾರಿಗಳ ವೇಳಾಪಟ್ಟಿ ತಯಾರಿಸುವುದೇ ನನ್ನ ಉದ್ಯೋಗ. ಎಕ್ಸೆಲ್ ಧಾರಾಳವಾಗಿ ಸಾಕು. ಬರೀ ಗ್ಯಾಂಟ್ ಚಾರ್ಟ್ ಮಾತ್ರ ಸಾಲದು.

ಗ್ಯಾಂಟ್ ಚಾರ್ಟಿನ ಅಡ್ಡಪಟ್ಟಿಗಳು ಯಾವ ಕೆಲಸ ಎಂದು ಶುರುವಾಗಿ ಎಂದು ಮುಗಿಯಬೇಕೆಂಬುದನ್ನು ತೋರಿಸುತ್ತವೆಯೇ ಹೊರತು, ಒಂದು ತಡವಾದರೆ ಮತ್ತಾವುದು ನಿಲ್ಲುತ್ತದೆಂಬುದನ್ನು ತಾವಾಗಿ ಹೇಳುವುದಿಲ್ಲ. ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು 1950ರ ದಶಕದ ಕೊನೆಯಲ್ಲಿ ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನದಲ್ಲಾದರೆ, ಪ್ರತಿ ಕೆಲಸದ ಎದುರು ಅದಕ್ಕೂ ಮೊದಲು ಮುಗಿದಿರಬೇಕಾದ ಕೆಲಸಗಳನ್ನು ಬರೆಯಲೇಬೇಕು. ಸಂಪನ್ನು ಕೊನೆಯಲ್ಲಿ ಕಾಂಪೌಂಡಿನ ಜೊತೆ ಕಟ್ಟಿದರಾಯಿತು ಎಂದು ಯಾರಿಗಾದರೂ ಅನಿಸಬಹುದು. ಆದರೆ ಕ್ಯೂರಿಂಗ್‌ಗೆ (ಕಾಂಕ್ರೀಟನ್ನು ಒದ್ದೆಯಾಗಿಟ್ಟು ಗಟ್ಟಿಯಾಗಿಸಲು) ಬೇಕಾದ ಟ್ಯಾಂಕರ್ ನೀರನ್ನು ತುಂಬಿಡಲು ಸಂಪೇ ಬೇಕಾಗುವುದರಿಂದ ಅದು ಪಟ್ಟಿಯ ಮೇಲಕ್ಕೆ ಬರುತ್ತದೆ.

ಹಾಗೆಯೇ ಮೋಲ್ಡ್ (ಚಾವಣಿಯ ಕಾಂಕ್ರೀಟ್ ಸ್ಲ್ಯಾಬ್) ಹಾಕಿದ ನಂತರದ ದಿನಗಳಿಗೂ ಪ್ರತ್ಯೇಕ ಸಾಲು ಕೊಡಿ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ, 4.5 ಮೀಟರ್‌ವರೆಗಿನ ಸ್ಪ್ಯಾನಿನ (ಎರಡು ಆಧಾರಗಳ ನಡುವಿನ ಅಂತರದ) ಸ್ಲ್ಯಾಬ್‌ಗೆ ಕನಿಷ್ಠ 7 ದಿನ, ಅದನ್ನು ಮೀರಿದ್ದಕ್ಕೆ 14 ದಿನ ಆಸರೆಗಳನ್ನು ತೆಗೆಯಬಾರದೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ತೊಲೆಗಳಿಗೂ ಬೇರೆ ಸಿಮೆಂಟಿಗೂ ಇನ್ನೂ ಹೆಚ್ಚು ದಿನ ಬೇಕಾಗಬಹುದು, ನಿಮ್ಮ ಎಂಜಿನಿಯರನ್ನು ಕೇಳಿ. ಆ ಅವಧಿಯಲ್ಲಿ ಆಳುಗಳು ಕಾಣಿಸದಿದ್ದರೂ ದಿನಗಳು ಖರ್ಚಾಗುತ್ತಿರುತ್ತವೆ, ಕೆಳಗಿನ ಕೋಣೆಗಳಲ್ಲಿ ಆ ಆಸರೆಗಳ ಸೆಂಟ್ರಿಂಗ್ ನಿಂತಿರುವ ಕಾರಣ ಪ್ಲಾಸ್ಟರಿಂಗ್ ಕೂಡ ಕಾಯಬೇಕಾಗುತ್ತದೆ.

ನಂತರ ಗೃಹಪ್ರವೇಶದ ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಆಷಾಢಕ್ಕೆ ಮೊದಲು ಮುಗಿಯದಿದ್ದರೆ ಶ್ರಾವಣದವರೆಗೆ ಕಾಯಬೇಕೆನ್ನುವ ಮನೆಗಳಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಪ್ರತಿ ಕೆಲಸವನ್ನು ಬೇಗನೆ ಶುರು ಮಾಡಬಹುದಾದ ದಿನಕ್ಕೂ, ತಡವೆಂದರೂ ಶುರು ಮಾಡಲೇಬೇಕಾದ ದಿನಕ್ಕೂ ಇರುವ ಅಂತರವೇ ಅದರ ಫ್ಲೋಟ್. ಕಾಂಪೌಂಡ್ ಗೇಟಿಗೆ ವಾರಗಟ್ಟಲೆ ಫ್ಲೋಟ್ ಇರಬಹುದು, ಸ್ಲ್ಯಾಬಿಗೆ ಸಾಮಾನ್ಯವಾಗಿ ಒಂದು ದಿನವೂ ಇರುವುದಿಲ್ಲ. ಹೀಗೆ ಫ್ಲೋಟ್ ಇಲ್ಲದ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್.

ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಿಂದ ಬಂದ, ಪ್ರತಿ ಕೆಲಸದ ಅವಧಿಯನ್ನು ಮೂರು ಅಂದಾಜುಗಳಿಂದ ಲೆಕ್ಕ ಹಾಕುವ ಪರ್ಟ್ ವಿಧಾನ ಮನೆಗೆ ಅತಿಯಾಯಿತು. ಆದರೂ ಬಡಗಿ ಹೇಳುವ ಗಡುವಿಗೆ ಅದರ ಸೂತ್ರವನ್ನು ಬಳಸಬಹುದು: ಕನಿಷ್ಠ 4 ದಿನ, ಸಾಮಾನ್ಯವಾಗಿ 6, ಹೆಚ್ಚೆಂದರೆ 14 ಎಂದಾದರೆ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದಾಗ 7 ದಿನ ಬರುತ್ತದೆ.

ಪ್ರಿಮಾವೆರಾ ಸಾವಿರಾರು ಸಾಲುಗಳ ಹೆದ್ದಾರಿ, ಮೆಟ್ರೊ ಕೆಲಸಗಳಿಗೆ ಸರಿ. ಎಕ್ಸೆಲ್ ಬೇಸರವೆನಿಸಿದರೆ ಉಚಿತವಾಗಿ ಸಿಗುವ ಪ್ರಾಜೆಕ್ಟ್‌ಲಿಬ್ರೆ ನೋಡಿ. ಯಾವುದನ್ನು ಬಳಸಿದರೂ, ವಾರಕ್ಕೊಮ್ಮೆ ಮೇಸ್ತ್ರಿಯನ್ನು ವಿಚಾರಿಸುವಾಗ ಕೆಲಸ ಎಷ್ಟು ಶೇಕಡಾ ಮುಗಿದಿದೆ ಎಂದು ಕೇಳದೆ, ಇನ್ನೆಷ್ಟು ದಿನ ಬೇಕೆಂದು ಕೇಳಿ ಆ ಅಂಕಿಯನ್ನೇ ಪಟ್ಟಿಯಲ್ಲಿ ತುಂಬಿಸಿ.